‘ಪ್ರೋಗ್ರೆಸಿವ್’: ಒಂದು ಇಂಗ್ಲಿಷ್ ಪದದ ಹಲವು ದಿಕ್ಕುಗಳು

ನರರೋಗ ತಜ್ಞರು ತಮ್ಮ ವರದಿಯಲ್ಲಿ ‘ಪ್ರೋಗ್ರೆಸಿವ್’ ಎಂದು ಬರೆದರೆ ರೋಗಿಯ ಮನೆಯವರ ಎದೆ ಧಸಕ್ಕೆನ್ನುತ್ತದೆ. ಅಮೆರಿಕದ ಚುನಾವಣಾ ಸಭೆಯಲ್ಲಿ ಅದೇ ಪದ ಕೇಳಿದರೆ ಚಪ್ಪಾಳೆ ಬೀಳುತ್ತದೆ. ಕನ್ನಡಕದ ಅಂಗಡಿಯಲ್ಲಿ ಅದು ದುಬಾರಿ ಲೆನ್ಸಿನ ಹೆಸರು. ಅರ್ಥಶಾಸ್ತ್ರದಲ್ಲಿ ತೆರಿಗೆಯ ಒಂದು ಬಗೆ, ವ್ಯಾಕರಣದಲ್ಲಿ ಕ್ರಿಯಾಪದದ ಒಂದು ರೂಪ, ವಿಡಿಯೋ ಪರದೆಯ ಮೇಲೆ 1080 ಎಂಬ ಅಂಕಿಯ ಪಕ್ಕ ನಿಂತ ‘ಪಿ’ ಅಕ್ಷರ. ಇಂಗ್ಲಿಷಿನಲ್ಲಿ ಇಷ್ಟು ಕಡೆ ದುಡಿಯುವ ಪದಗಳು ಬೇರೆಯೂ ಇವೆ. ಆದರೆ ಒಂದು ಕಡೆ ಶುದ್ಧ ಲೆಕ್ಕದ ಮಾತಾಗಿ, ಇನ್ನೊಂದು ಕಡೆ ನೈತಿಕ ತೀರ್ಪಾಗಿ, ಇವೆರಡರ ನಡುವಿನ ಗೆರೆ ಅಳಿಸಿಹೋಗುವ ಹಾಗೆ ಬಳಕೆಯಾಗುವ ಪದಗಳು ಕಡಿಮೆ. ಈ ಪದ ನಮ್ಮ ಸಂವಿಧಾನದೊಳಕ್ಕೂ ಬಂದಿದೆ, ಅನುವಾದವಾಗಿ ನಮ್ಮ ಸಾಹಿತ್ಯ ಚರಿತ್ರೆಯೊಳಕ್ಕೂ ಬಂದಿದೆ. ಆದ್ದರಿಂದ ಅದು ಎಲ್ಲೆಲ್ಲಿ ಏನೇನು ಹೇಳುತ್ತದೆ ಎಂದು ಒಮ್ಮೆ ಕೂಲಂಕಷವಾಗಿ ನೋಡುವುದು ಇಂಗ್ಲಿಷ್ ಕಲಿಯುವವರಿಗಷ್ಟೇ ಬೇಕಾದ ಕೆಲಸವಲ್ಲ.

ಹೆಜ್ಜೆ ಮಾತ್ರ, ದಿಕ್ಕು ಇಲ್ಲ

ಪದದ ಬೇರು ಲ್ಯಾಟಿನ್. ಮುಂದಕ್ಕೆ ಹೆಜ್ಜೆಯಿಡುವುದು ಎಂಬಷ್ಟೇ ಅದರ ಅರ್ಥ. ಆ ಹೆಜ್ಜೆ ಒಳಿತಿನ ಕಡೆಗೇ ಇರಬೇಕೆಂಬ ಕರಾರು ಮೊದಲಿಗೆ ಇರಲಿಲ್ಲ. ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್ ಬೇಸಿಗೆಯಲ್ಲಿ ಪರಿವಾರ ಸಮೇತ ಊರೂರು ಸುತ್ತುತ್ತಿದ್ದಳು. ಅವಳನ್ನು ಉಳಿಸಿಕೊಂಡ ಶ್ರೀಮಂತರ ಬೊಕ್ಕಸ ಬರಿದಾಗುತ್ತಿದ್ದ ಆ ಪ್ರವಾಸಗಳಿಗೆ ‘ಪ್ರೋಗ್ರೆಸ್’ ಎಂದೇ ಹೆಸರು. ಜಾನ್ ಬನಿಯನ್ 1678ರಲ್ಲಿ ಪ್ರಕಟಿಸಿದ ‘ಪಿಲ್ಗ್ರಿಮ್ಸ್ ಪ್ರೋಗ್ರೆಸ್’ ಕೃತಿಯ ಶೀರ್ಷಿಕೆಯಲ್ಲಿರುವುದೂ ಪಯಣದ ಅರ್ಥವೇ. ಅದನ್ನು ಕನ್ನಡಕ್ಕೆ ತಂದ ಮಿಶನರಿಗಳು ‘ಯಾತ್ರಿಕನ ಸಂಚಾರ’ ಎಂದು ಕರೆದದ್ದು ಸರಿಯಾಗಿಯೇ ಇತ್ತು. 1735ರಲ್ಲಿ ವಿಲಿಯಂ ಹೋಗಾರ್ತ್ ‘ಎ ರೇಕ್ಸ್ ಪ್ರೋಗ್ರೆಸ್’ ಎಂಬ ಎಂಟು ಚಿತ್ರಗಳ ಸರಣಿಯನ್ನು ಅಚ್ಚು ಹಾಕಿಸಿದ. ಪಿತ್ರಾರ್ಜಿತ ಆಸ್ತಿಯನ್ನು ಜೂಜು ಮೋಜಿನಲ್ಲಿ ಕಳೆದ ಯುವಕನೊಬ್ಬ ಸಾಲಗಾರರ ಜೈಲಿನ ಮೂಲಕ ಕೊನೆಗೆ ಹುಚ್ಚಾಸ್ಪತ್ರೆ ಸೇರುವ ಕಥೆ ಅದು. ಅವನ ಪತನದ ಒಂದೊಂದು ಮೆಟ್ಟಿಲೂ ಆಗಿನವರಿಗೆ ‘ಪ್ರೋಗ್ರೆಸ್’ ಆಗಿಯೇ ಕಂಡಿತ್ತು.

ಈ ಹಳೆಯ ಅರ್ಥ ಇಂದಿಗೂ ಬದುಕಿರುವುದು ವೈದ್ಯಕೀಯದಲ್ಲಿ. 1964ರಲ್ಲಿ ಕೆನಡಾದ ವೈದ್ಯರು ವಿವರಿಸಿದ ಮೆದುಳಿನ ಕಾಯಿಲೆಯೊಂದರ ಹೆಸರು ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. ಕಣ್ಣಿನ ಚಲನೆ, ನಡಿಗೆಯ ಸಮತೋಲ, ಮಾತು ಒಂದೊಂದಾಗಿ ಕುಂದುತ್ತಾ ಹೋಗುವ ರೋಗ. ಮಲ್ಟಿಪಲ್ ಸ್ಕ್ಲಿರೋಸಿಸ್‌ನಲ್ಲಿಯೂ ಬಿಟ್ಟು ಬಿಟ್ಟು ಬರುವ ಬಗೆ ಒಂದು, ಮೊದಲಿನಿಂದಲೇ ನಿಲ್ಲದೆ ಉಲ್ಬಣಿಸುವ ಬಗೆ ಇನ್ನೊಂದು. ಎರಡನೆಯದಕ್ಕೆ ಪ್ರೋಗ್ರೆಸಿವ್ ಎಂಬ ವಿಶೇಷಣ. ಕ್ಯಾನ್ಸರ್ ಔಷಧಿಗಳ ಪರೀಕ್ಷೆಯಲ್ಲಂತೂ ‘ಪ್ರೋಗ್ರೆಷನ್’ ಇಲ್ಲದೆ ಕಳೆದ ತಿಂಗಳುಗಳನ್ನೇ ಔಷಧಿಯ ಗೆಲುವಿನ ಅಳತೆಯಾಗಿ ಹಿಡಿಯುತ್ತಾರೆ. ಇಲ್ಲಿ ಮುಂದುವರಿಯುತ್ತಿರುವುದು ರೋಗ, ಮನುಷ್ಯನಲ್ಲ. ಆಸ್ಪತ್ರೆಯ ಕಾಗದದಲ್ಲಿ ಈ ಪದ ಕಂಡು ‘ಪ್ರಗತಿ ಇದೆ’ ಎಂದು ಓದಿಕೊಂಡರೆ ಅನರ್ಥವಾದೀತು. ‘ಉಲ್ಬಣಿಸುತ್ತಿದೆ’, ‘ದಿನದಿನಕ್ಕೆ ಹೆಚ್ಚುತ್ತಿದೆ’ ಎಂದು ಬಿಡಿಸಿ ಹೇಳುವುದು ನಮ್ಮ ವೈದ್ಯರ ಹೊಣೆ.

ತಂತ್ರಜ್ಞಾನದಲ್ಲಿಯೂ ಪದ ನಿಷ್ಪಕ್ಷಪಾತಿ. 1959ರಲ್ಲಿ ಫ್ರಾನ್ಸಿನ ಬರ್ನಾರ್ ಮೈತನಾ ರೂಪಿಸಿದ ‘ವೆರಿಲಕ್ಸ್’ ಲೆನ್ಸು ಮಾರುಕಟ್ಟೆಗೆ ಬಂತು. ಬೈಫೋಕಲ್ ಕನ್ನಡಕದಲ್ಲಿ ದೂರದ ನೋಟಕ್ಕೂ ಓದಿಗೂ ನಡುವೆ ಒಂದು ಗೆರೆ ಇರುತ್ತದೆ. ಇದರಲ್ಲಿ ಗೆರೆಯಿಲ್ಲ, ಲೆನ್ಸಿನ ಮೇಲಿನಿಂದ ಕೆಳಕ್ಕೆ ಪವರ್ ಹಂತಹಂತವಾಗಿ ಏರುತ್ತದೆ. ಆದ್ದರಿಂದಲೇ ಅದು ಪ್ರೋಗ್ರೆಸಿವ್ ಲೆನ್ಸ್. ಹಾಗೆಯೇ 1080ಪಿ ಎಂದಾಗ ಚಿತ್ರದ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದಾದ ಮೇಲೊಂದು ಎಳೆಯಲಾಗುತ್ತದೆ ಎಂದರ್ಥ. ಹಳೆಯ ಪದ್ಧತಿಯಲ್ಲಿ ಮೊದಲು ಬೆಸ ಸಾಲು, ಆಮೇಲೆ ಸಮ ಸಾಲು. ವ್ಯಾಕರಣದಲ್ಲಿ ‘ಮಾಡುತ್ತಿದ್ದಾನೆ’, ‘ಬರುತ್ತಿದ್ದಾಳೆ’ ಎಂಬಂಥ, ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ರೂಪಕ್ಕೆ ಭಾಷಾವಿಜ್ಞಾನಿಗಳು ಇದೇ ಹೆಸರಿಟ್ಟಿದ್ದಾರೆ. ನಮ್ಮ ಶಾಲೆಗಳಲ್ಲಿ ಅದನ್ನು ‘ಕಂಟಿನ್ಯುಯಸ್’ ಎಂದು ಕಲಿತಿದ್ದೇವೆ. ಈ ಎಲ್ಲ ಬಳಕೆಗಳಲ್ಲಿ ಏನು ಏರುತ್ತದೆ, ಎಲ್ಲಿಂದ ಎಲ್ಲಿಗೆ ಏರುತ್ತದೆ ಎಂಬುದು ಸ್ಪಷ್ಟ. ಹಾಗಾಗಿ ಜಗಳಕ್ಕೆ ಆಸ್ಪದವಿಲ್ಲ.

ತೆರಿಗೆಯ ಲೆಕ್ಕ, ತೆರಿಗೆಯ ನ್ಯಾಯ

ಲೆಕ್ಕ ಮತ್ತು ತೀರ್ಪು ಒಂದಕ್ಕೊಂದು ತಾಗುವ ಮೊದಲ ಜಾಗ ತೆರಿಗೆ. ಆದಾಯ ಏರಿದಂತೆ ತೆರಿಗೆಯ ದರವೂ ಏರಿದರೆ ಅದು ಪ್ರೋಗ್ರೆಸಿವ್. ಆದಾಯ ಏರಿದಂತೆ ತೆರಿಗೆಯ ಪಾಲು ಇಳಿದರೆ ರಿಗ್ರೆಸಿವ್. ಕೂಲಿಯವನೂ ಕೋಟ್ಯಧಿಪತಿಯೂ ಒಂದು ಸೋಪಿಗೆ ಒಂದೇ ತೆರಿಗೆ ಕೊಡುತ್ತಾರೆ, ಆದರೆ ಕೂಲಿಯವನ ದಿನದ ಸಂಪಾದನೆಯಲ್ಲಿ ಅದರ ತೂಕ ಬಹಳ ಹೆಚ್ಚು ಎಂಬುದು ಇದಕ್ಕೆ ಸರಳ ಉದಾಹರಣೆ. 1776ರಲ್ಲಿಯೇ ಆಡಂ ಸ್ಮಿತ್, ಶ್ರೀಮಂತರು ತಮ್ಮ ಆದಾಯದ ಪ್ರಮಾಣಕ್ಕಿಂತ ತುಸು ಹೆಚ್ಚೇ ಕೊಡುವುದು ಅನುಚಿತವೇನಲ್ಲ ಎಂದಿದ್ದ. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯ ಬೇಡಿಕೆಗಳಲ್ಲಿಯೂ ಏರುದರದ ಆದಾಯ ತೆರಿಗೆ ಇತ್ತು. ಬ್ರಿಟನ್ನಿನಲ್ಲಿ 1909ರ ಲಾಯ್ಡ್ ಜಾರ್ಜ್ ಬಜೆಟ್ ಭಾರಿ ಆದಾಯದವರ ಮೇಲೆ ಹೆಚ್ಚುವರಿ ತೆರಿಗೆ ಹೇರಿತು. ಅಮೆರಿಕದಲ್ಲಿ 1913ರ ಕಾನೂನು ಶೇಕಡ 1ರಿಂದ 7ರವರೆಗೆ ದರ ನಿಗದಿಮಾಡಿತು. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಮೇಲಿನ ದರ ಶೇಕಡ 94 ಮುಟ್ಟಿತ್ತು. ಭಾರತದಲ್ಲಿ 1973-74ರಲ್ಲಿ ಮೇಲ್ತೆರಿಗೆಯೂ ಸೇರಿ ಗರಿಷ್ಠ ದರ ಶೇಕಡ 97.75 ಇತ್ತು.

ಅರ್ಥಶಾಸ್ತ್ರಜ್ಞರ ಪ್ರಕಾರ ಇಲ್ಲಿ ಪ್ರೋಗ್ರೆಸಿವ್ ಎಂಬುದು ಗಣಿತದ ಮಾತು. ಶೇಕಡ 97.75ರ ದರ ಒಳ್ಳೆಯದೇ ಕೆಟ್ಟದ್ದೇ ಎಂಬುದನ್ನು ಪದ ಹೇಳುವುದಿಲ್ಲ. ಆದರೆ ಕಿವಿ ಹಾಗೆ ಕೇಳಿಸಿಕೊಳ್ಳುವುದಿಲ್ಲ. ಒಂದು ತೆರಿಗೆಗೆ ‘ಮುನ್ನಡೆ’ಯ ಹೆಸರು, ಇನ್ನೊಂದಕ್ಕೆ ‘ಹಿನ್ನಡೆ’ಯ ಹೆಸರು ಇಟ್ಟೊಡನೆ ವಾದ ಅರ್ಧ ಮುಗಿದಂತೆಯೇ. ಉಳ್ಳವರು ಹೆಚ್ಚು ಕೊಡಬೇಕು ಎಂಬ ತತ್ವವನ್ನು ನಾನು ಮನಸಾರೆ ಒಪ್ಪುತ್ತೇನೆ. ಅದನ್ನು ಗೆಲ್ಲಿಸಬೇಕಾದದ್ದು ನ್ಯಾಯದ ವಾದದಿಂದ. ಪದದ ಇಂಪಿನಿಂದ ಗೆದ್ದ ವಾದ ಬಹಳ ದಿನ ನಿಲ್ಲುವುದಿಲ್ಲ.

ಒಳಿತಿನ ಅರ್ಥ ಸೇರಿದ್ದು ಹೇಗೆ?

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಒಂದು ಹೊಸ ನಂಬಿಕೆ ಹುಟ್ಟಿತು. ಮನುಕುಲ ಕಾಲ ಸರಿದಂತೆ ಉತ್ತಮವಾಗುತ್ತಲೇ ಹೋಗುತ್ತದೆ, ಜ್ಞಾನ ಹೆಚ್ಚಿದಂತೆ ಅನ್ಯಾಯ ಕರಗುತ್ತದೆ ಎಂಬುದೇ ಆ ನಂಬಿಕೆ. ಫ್ರಾನ್ಸಿನ ಕೊಂಡಾರ್ಸೆ ಕ್ರಾಂತಿಯ ಸರ್ಕಾರದ ಕಣ್ತಪ್ಪಿಸಿ ಅಡಗಿದ್ದಾಗ ಈ ವಿಷಯದ ಮೇಲೆ ತನ್ನ ಪ್ರಸಿದ್ಧ ಗ್ರಂಥ ಬರೆದ. ಅವನು ಸೆರೆಯಲ್ಲಿ ಸತ್ತ ಮೇಲೆ, 1795ರಲ್ಲಿ, ಅದು ಪ್ರಕಟವಾಯಿತು. ಮುಂದೆ ಇಂಗ್ಲೆಂಡಿನಲ್ಲಿ ಹರ್ಬರ್ಟ್ ಸ್ಪೆನ್ಸರ್ 1857ರಲ್ಲಿ ಪ್ರಗತಿಯನ್ನು ಪ್ರಕೃತಿಯ ನಿಯಮವೆಂದೇ ಸಾಧಿಸಲು ಹೊರಟ. ಹೀಗೆ ಹೆಜ್ಜೆಗೆ ಒಂದು ದಿಕ್ಕು ಬಂತು. ಪ್ರೋಗ್ರೆಸ್ ಎಂದರೆ ಏಳಿಗೆ, ಪ್ರೋಗ್ರೆಸಿವ್ ಎಂದರೆ ಏಳಿಗೆಯ ಪಕ್ಷದವನು.

ಈ ನಂಬಿಕೆ ಸಾಮ್ರಾಜ್ಯಕ್ಕೂ ಅನುಕೂಲವಾಯಿತು. 1858ರಲ್ಲಿ ಭಾರತದ ಆಡಳಿತ ಕಂಪನಿಯಿಂದ ಬ್ರಿಟಿಷ್ ಸಿಂಹಾಸನಕ್ಕೆ ಹೋದ ಮೇಲೆ ಭಾರತದ ‘ನೈತಿಕ ಮತ್ತು ಭೌತಿಕ ಪ್ರೋಗ್ರೆಸ್’ ಕುರಿತು ಪ್ರತಿವರ್ಷ ಬ್ರಿಟಿಷ್ ಸಂಸತ್ತಿಗೆ ವರದಿ ಒಪ್ಪಿಸುವುದು ಕಡ್ಡಾಯವಾಯಿತು. ಆ ವರದಿಗಳು ಅಚ್ಚಾಗುತ್ತಿದ್ದ ಕಾಲದಲ್ಲಿಯೇ, 1876-78ರಲ್ಲಿ, ದಕ್ಷಿಣ ಭಾರತದ ಮಹಾಕ್ಷಾಮ ಬಂತು. ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಮೈಸೂರು ಸೀಮೆಯ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ದಾದಾಭಾಯಿ ನವರೋಜಿ ಸರ್ಕಾರದ ಅಂಕಿಗಳನ್ನೇ ಹಿಡಿದು ಭಾರತೀಯನೊಬ್ಬನ ವರ್ಷದ ಸರಾಸರಿ ಆದಾಯ ಇಪ್ಪತ್ತು ರೂಪಾಯಿ ಎಂದು ಲೆಕ್ಕ ಹಾಕಿ, ಪ್ರಗತಿಯ ಹೆಸರಿನ ಕೆಳಗಿದ್ದ ಬಡತನವನ್ನು ಬಯಲಿಗೆಳೆದರು. ಅಳತೆಗೋಲು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ಕೇಳಿದವರಲ್ಲಿ ಅವರು ಮೊದಲಿಗರು.

ಪಕ್ಷದ ಹೆಸರಾಗಿ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರೋಗ್ರೆಸಿವ್ ಎಂಬುದು ಪಕ್ಷಗಳ ಹೆಸರಾಯಿತು. 1889ರಿಂದ 1907ರವರೆಗೆ ಲಂಡನ್ ಕೌಂಟಿ ಕೌನ್ಸಿಲನ್ನು ಆಳಿದವರು ಪ್ರೋಗ್ರೆಸಿವರು. ಉದಾರವಾದಿಗಳೂ ಫೇಬಿಯನ್ ಸಮಾಜವಾದಿಗಳೂ ಅವರಲ್ಲಿದ್ದರು. ಹೊಲಸು ಕೇರಿಯೊಂದನ್ನು ಕೆಡವಿ ಅವರು ಕಟ್ಟಿಸಿದ ‘ಬೌಂಡರಿ ಎಸ್ಟೇಟ್’ ವಸತಿ ಬಡಾವಣೆ 1900ರಲ್ಲಿ ಉದ್ಘಾಟನೆಯಾಯಿತು. ಗಾಳಿ ಬೆಳಕಿದ್ದ ಗಟ್ಟಿಮುಟ್ಟಾದ ಮನೆಗಳು, ಇಂದಿಗೂ ನಿಂತಿವೆ. ಆದರೆ ಬಾಡಿಗೆ ಹೆಚ್ಚಿದ್ದರಿಂದ ಕೇರಿಯ ಹಳೆಯ ನಿವಾಸಿಗಳಲ್ಲಿ ಬೆರಳೆಣಿಕೆಯ ಮಂದಿಗಷ್ಟೇ ಅಲ್ಲಿ ಜಾಗ ಸಿಕ್ಕಿತು. ಸಾಧನೆಯೂ ನಿಜ, ಅದರ ಬೆಲೆ ತೆತ್ತವರು ಬೇರೆಯವರು ಎಂಬುದೂ ನಿಜ.

ಅಮೆರಿಕದಲ್ಲಿ ಈ ಪದ ಒಂದು ಯುಗದ ಹೆಸರೇ ಆಯಿತು. 1890ರ ದಶಕದಿಂದ ಸುಮಾರು 1920ರವರೆಗಿನ ಅವಧಿಯನ್ನು ಚರಿತ್ರೆಕಾರರು ‘ಪ್ರೋಗ್ರೆಸಿವ್ ಎರಾ’ ಎನ್ನುತ್ತಾರೆ. ರೈಲು, ಎಣ್ಣೆ, ಉಕ್ಕಿನ ಭಾರಿ ಕಂಪನಿಗಳ ಹಿಡಿತ, ನಗರಗಳ ಲಂಚಕೋರ ಆಡಳಿತ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳು ಇವೆಲ್ಲಕ್ಕೆ ಎದುರಾಗಿ ಹುಟ್ಟಿದ ಸುಧಾರಣೆ ಅದು. ಅಪ್ಟನ್ ಸಿಂಕ್ಲೇರ್ ಅವರ ‘ದಿ ಜಂಗಲ್’ ಕಾದಂಬರಿ ಶಿಕಾಗೋ ಕಸಾಯಿಖಾನೆಗಳ ಕೊಳಕನ್ನು ತೋರಿಸಿದ 1906ರಲ್ಲಿಯೇ ಶುದ್ಧ ಆಹಾರ ಮತ್ತು ಔಷಧ ಕಾನೂನು ಬಂತು. ವಿಸ್ಕಾನ್ಸಿನ್ ರಾಜ್ಯದಲ್ಲಿ ರಾಬರ್ಟ್ ಲ ಫಾಲೆಟ್ ಹಾಕಿದ ತಳಹದಿಯ ಮೇಲೆ 1911ರಲ್ಲಿ ಕಾರ್ಮಿಕ ಪರಿಹಾರ ಕಾನೂನು ಜಾರಿಯಾಯಿತು. 1912ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷದಿಂದ ಸಿಡಿದು ಪ್ರೋಗ್ರೆಸಿವ್ ಪಕ್ಷ ಕಟ್ಟಿ, ಶೇಕಡ 27ರಷ್ಟು ಮತ ಪಡೆದು ಎರಡನೆಯ ಸ್ಥಾನಕ್ಕೆ ಬಂದರು. ಮಹಿಳೆಯರ ಮತದಾನ, ಬಾಲಕಾರ್ಮಿಕ ಪದ್ಧತಿಯ ನಿಷೇಧ, ಸಾಮಾಜಿಕ ವಿಮೆ ಆ ಪಕ್ಷದ ಪ್ರಣಾಳಿಕೆಯಲ್ಲಿದ್ದವು. ಶಿಕಾಗೋದಲ್ಲಿ 1889ರಲ್ಲಿ ‘ಹಲ್ ಹೌಸ್’ ಸ್ಥಾಪಿಸಿ ವಲಸಿಗರ ನಡುವೆ ಬಾಳಿದ ಜೇನ್ ಆಡಮ್ಸ್ ರೂಸ್‌ವೆಲ್ಟರ ಉಮೇದುವಾರಿಕೆಯನ್ನು ಅನುಮೋದಿಸಿದರು. 1920ರಲ್ಲಿ ಮಹಿಳೆಯರ ಮತದ ಹಕ್ಕು ದೇಶದ ಸಂವಿಧಾನದಲ್ಲಿ ಸೇರಿತು.

ಇದೇ ಚಳವಳಿಯ ಇನ್ನೊಂದು ಮುಖವನ್ನೂ ನೋಡಬೇಕು. ಪ್ರೋಗ್ರೆಸಿವ್ ಪಕ್ಷದ 1912ರ ಸಮಾವೇಶದಲ್ಲಿ ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಪ್ರತಿನಿಧಿಗಳನ್ನು ಒಳಗೆ ಸೇರಿಸಲಿಲ್ಲ. ಆ ಚುನಾವಣೆ ಗೆದ್ದ ವುಡ್ರೋ ವಿಲ್ಸನ್ ಅವರೂ ಸುಧಾರಕರೆಂದೇ ಹೆಸರಾದವರು. ಅವರ ಸರ್ಕಾರ 1913ರಿಂದ ಕೇಂದ್ರ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬಿಳಿಯರಿಂದ ಬೇರೆ ಕೂರಿಸಿತು. 1907ರಲ್ಲಿ ಇಂಡಿಯಾನ ರಾಜ್ಯ ‘ಅಯೋಗ್ಯ’ರೆಂದು ಕಂಡವರಿಗೆ ಬಲವಂತವಾಗಿ ಸಂತಾನಹರಣ ಚಿಕಿತ್ಸೆ ಮಾಡುವ ಕಾನೂನು ತಂದಿತು. ಆಗಿನ ಅನೇಕ ಸುಧಾರಕರು, ವಿಜ್ಞಾನಿಗಳು ಅದನ್ನು ಪ್ರಗತಿಯೆಂದೇ ಬೆಂಬಲಿಸಿದರು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥದೇ ಇನ್ನೊಂದು ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು. ಮಕ್ಕಳನ್ನು ಕಾರ್ಖಾನೆಯಿಂದ ಬಿಡಿಸಿದ ಕಾಲ, ದುರ್ಬಲರ ಒಡಲಿಗೆ ಕತ್ತರಿ ಹಾಕಿದ ಕಾಲ ಎರಡೂ ಒಂದೇ. ಭವಿಷ್ಯ ತಮ್ಮ ಕಡೆಗಿದೆ ಎಂದು ನಂಬಿದವರಿಗೆ ಎದುರಿಗಿರುವ ಮನುಷ್ಯನ ಒಪ್ಪಿಗೆ ಕೇಳುವ ತಾಳ್ಮೆ ಕಡಿಮೆಯಾಗುತ್ತದೆ. ಈ ಪದದ ಚರಿತ್ರೆ ಕಲಿಸುವ ಅತಿ ಗಂಭೀರ ಪಾಠ ಇದು.

ಬೇರೆ ದೇಶಗಳಲ್ಲಿ ಪದ ಬೇರೆ ಬೇರೆ ಬಣ್ಣ ಪಡೆಯಿತು. ಕೆನಡಾದಲ್ಲಿ 1921ರ ಚುನಾವಣೆಯಲ್ಲಿ ರೈತರ ಸಿಟ್ಟಿನಿಂದ ಮೇಲೆದ್ದ ಪಕ್ಷದ ಹೆಸರು ಪ್ರೋಗ್ರೆಸಿವ್. 1942ರಲ್ಲಿ ಆ ಪರಂಪರೆಯ ಜಾನ್ ಬ್ರಾಕನ್ ಅವರನ್ನು ನಾಯಕರನ್ನಾಗಿ ಕರೆತಂದ ಕನ್ಸರ್ವೇಟಿವ್ ಪಕ್ಷ ತನ್ನ ಹೆಸರನ್ನೇ ‘ಪ್ರೋಗ್ರೆಸಿವ್ ಕನ್ಸರ್ವೇಟಿವ್’ ಎಂದು ಬದಲಿಸಿಕೊಂಡಿತು. 2003ರಲ್ಲಿ ಇನ್ನೊಂದು ಪಕ್ಷದೊಡನೆ ವಿಲೀನವಾದಾಗ ಮೊದಲ ಪದ ಬಿದ್ದುಹೋಯಿತು. ದಕ್ಷಿಣ ಆಫ್ರಿಕಾದಲ್ಲಿ 1959ರಲ್ಲಿ ಹುಟ್ಟಿದ ಪ್ರೋಗ್ರೆಸಿವ್ ಪಕ್ಷದ ಹೆಲೆನ್ ಸುಜ್ಮನ್ 1961ರಿಂದ 1974ರವರೆಗೆ ಸಂಸತ್ತಿನಲ್ಲಿ ಆ ಪಕ್ಷದ ಏಕೈಕ ಸದಸ್ಯೆಯಾಗಿ ನಿಂತು ವರ್ಣಭೇದದ ಕಾನೂನುಗಳನ್ನು ಎದುರಿಸಿದರು. ಅಂಥ ಪಕ್ಷವೂ ಆ ವರ್ಷಗಳಲ್ಲಿ ಎಲ್ಲರಿಗೂ ಸಮಾನ ಮತ ಎನ್ನದೆ, ವಿದ್ಯೆ ಆಸ್ತಿಗಳ ಅರ್ಹತೆಗೆ ಮತವನ್ನು ಕಟ್ಟಿಹಾಕಿತ್ತು.

ಎರಡನೇ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದ ಬರವಣಿಗೆಯಲ್ಲಿ ‘ಪ್ರಗತಿಪರ ಶಕ್ತಿಗಳು’ ಎಂದರೆ ತನ್ನ ಪಕ್ಷ ವಹಿಸಿದವರು ಎಂದಾಯಿತು. ಕರ್ನಾಟಕದ ಓದುಗರ ಮನೆಗಳಿಗೆ ಅಗ್ಗದ ಬೆಲೆಗೆ ಬಂದ ಮಾಸ್ಕೋದ ‘ಪ್ರಗತಿ ಪ್ರಕಾಶನ’ದ ಪುಸ್ತಕಗಳು ಆ ಕಾಲದ ನೆನಪು. ಸೋವಿಯತ್ ಬಳಕೆಯ ಫಲವಾಗಿ ಅಮೆರಿಕದಲ್ಲಿ ಪದಕ್ಕೆ ಸಂಶಯ ಅಂಟಿತು. 1948ರಲ್ಲಿ ಪ್ರೋಗ್ರೆಸಿವ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತ ಹೆನ್ರಿ ವಾಲೆಸ್ ಕಮ್ಯುನಿಸ್ಟರ ಕೈಗೊಂಬೆ ಎಂಬ ಆರೋಪ ಹೊತ್ತು, ಶೇಕಡ ಎರಡೂವರೆಗಿಂತ ಕಡಿಮೆ ಮತ ಪಡೆದರು. 1988ರ ಚುನಾವಣೆಯಲ್ಲಿ ‘ಲಿಬರಲ್’ ಎಂಬ ಪದವೇ ಬೈಗುಳವಾದಾಗ ಡೆಮಾಕ್ರಟರು ಮತ್ತೆ ಹಳೆಯ ಪದದ ಕಡೆ ತಿರುಗಿದರು. 1989ರಲ್ಲಿ ಮಧ್ಯಮ ಮಾರ್ಗದವರು ತಮ್ಮ ಚಿಂತನ ಸಂಸ್ಥೆಗೆ ಪ್ರೋಗ್ರೆಸಿವ್ ಹೆಸರಿಟ್ಟರು. 1991ರಲ್ಲಿ ಬರ್ನಿ ಸ್ಯಾಂಡರ್ಸ್ ಮೊದಲಾದ ಎಡಪಂಥೀಯರು ಸಂಸತ್ತಿನಲ್ಲಿ ಕಟ್ಟಿದ ಗುಂಪಿಗೂ ಅದೇ ಹೆಸರು ಬಂತು. 2016ರ ಉಮೇದುವಾರಿಕೆಯ ಪೈಪೋಟಿಯಲ್ಲಿ ಹಿಲರಿ ಕ್ಲಿಂಟನ್ ಮತ್ತು ಸ್ಯಾಂಡರ್ಸ್ ಇಬ್ಬರೂ ಆ ಹೆಸರಿಗಾಗಿ ವಾದಿಸಿದರು. 1946ರಲ್ಲಿಯೇ ಜಾರ್ಜ್ ಆರ್ವೆಲ್, ರಾಜಕೀಯ ಭಾಷೆಯ ಬಗ್ಗೆ ಬರೆದ ತಮ್ಮ ಪ್ರಬಂಧದಲ್ಲಿ, ಅರ್ಥ ಬದಲಿಸಿ ಬದಲಿಸಿ ಅಪ್ರಾಮಾಣಿಕವಾಗಿ ಬಳಸುವ ಪದಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದ್ದರು.

‘ಕ್ರಮೇಣ’ ಎಂಬ ಕಾನೂನಿನ ಅರ್ಥ

ರಾಜಕಾರಣಿಗಳು ಕೂಗಿ ಹೇಳುವ ಅರ್ಥಕ್ಕಿಂತ ಕಾನೂನು ಪಂಡಿತರು ಸದ್ದಿಲ್ಲದೆ ಬರೆಯುವ ಅರ್ಥದ ಪರಿಣಾಮ ದೊಡ್ಡದು. 1917ರ ಆಗಸ್ಟ್ 20ರಂದು ಭಾರತ ಸಚಿವ ಮಾಂಟೆಗು ಮಾಡಿದ ಘೋಷಣೆ ಭಾರತಕ್ಕೆ ಜವಾಬ್ದಾರಿ ಸರ್ಕಾರದ ‘ಪ್ರೋಗ್ರೆಸಿವ್’ ಈಡೇರಿಕೆಯ ಭರವಸೆ ಕೊಟ್ಟಿತು. ಇಲ್ಲಿ ಪದದ ಅರ್ಥ ‘ಕ್ರಮೇಣ’. ಪ್ರತಿ ಹೆಜ್ಜೆಯ ಕಾಲವನ್ನೂ ಪ್ರಮಾಣವನ್ನೂ ತಾವೇ ನಿರ್ಧರಿಸುತ್ತೇವೆ ಎಂದು ಬ್ರಿಟಿಷರು ಅದೇ ಘೋಷಣೆಯಲ್ಲಿ ಸೇರಿಸಿದ್ದರು. ಆ ಹೆಜ್ಜೆಗಳು ಮುಗಿಯಲು 1947 ಆಗಬೇಕಾಯಿತು, ಅದೂ ಜನರ ಹೋರಾಟದಿಂದ.

ಸ್ವತಂತ್ರ ಭಾರತದ ಸಂವಿಧಾನದ 344ನೆಯ ವಿಧಿಯಲ್ಲಿ ಇದೇ ಪದವಿದೆ. ಕೇಂದ್ರ ಸರ್ಕಾರದ ಕೆಲಸಗಳಲ್ಲಿ ಹಿಂದಿಯ ‘ಪ್ರೋಗ್ರೆಸಿವ್’ ಬಳಕೆಯ ಬಗ್ಗೆ ಶಿಫಾರಸು ಮಾಡಲು ಆಯೋಗ ನೇಮಿಸಬೇಕೆಂದು ಅದು ಹೇಳುತ್ತದೆ. 1955ರಲ್ಲಿ ಬಿ.ಜಿ. ಖೇರ್ ಅಧ್ಯಕ್ಷತೆಯ ಆಯೋಗ ನೇಮಕವಾಯಿತು. ಇಲ್ಲಿಯೂ ಪದ ಹಂತಹಂತದ ಏರಿಕೆಯನ್ನಷ್ಟೇ ಹೇಳುತ್ತದೆ. ಆ ಏರಿಕೆ ಕನ್ನಡಿಗನಿಗೂ ತಮಿಳನಿಗೂ ಬಂಗಾಳಿಗೂ ಮುನ್ನಡೆಯಾಗಿ ಕಾಣಬೇಕೆಂದಿಲ್ಲ. 1965ರ ಹಿಂದಿ ವಿರೋಧಿ ಚಳವಳಿಗಳು, 1967ರ ರಾಜಭಾಷಾ ಕಾನೂನಿನ ತಿದ್ದುಪಡಿ ಅದನ್ನೇ ತೋರಿಸಿದವು.

1966ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯೂ ಆಹಾರ, ಆರೋಗ್ಯ, ಶಿಕ್ಷಣದ ಹಕ್ಕುಗಳನ್ನು ‘ಕ್ರಮೇಣ’ ಪೂರ್ಣವಾಗಿ ಈಡೇರಿಸಬೇಕು ಎನ್ನುತ್ತದೆ. 1979ರಲ್ಲಿ ಭಾರತ ಅದಕ್ಕೆ ಸೇರಿತು. ಬಡ ದೇಶಗಳ ಕಷ್ಟ ಅರಿತು ಇಟ್ಟ ಮಾತು ಅದು. ಸರ್ಕಾರಗಳು ಅದನ್ನು ಮುಂದೂಡುವ ನೆಪವಾಗಿಯೂ ಬಳಸಬಹುದೆಂಬ ಅರಿವಿನಿಂದ, ಆ ಒಡಂಬಡಿಕೆಯ ಸಮಿತಿ 1990ರಲ್ಲಿ ಸ್ಪಷ್ಟಪಡಿಸಿತು: ‘ಕ್ರಮೇಣ’ ಎಂದರೆ ಸಾಧ್ಯವಾದಷ್ಟು ಬೇಗ, ಪರಿಣಾಮಕಾರಿಯಾಗಿ ಗುರಿಯತ್ತ ಸಾಗಬೇಕು.

ಕನ್ನಡದಲ್ಲಿ

ನಮ್ಮಲ್ಲಿಗೆ ಈ ಪದ ಒಳಿತಿನ ಅರ್ಥದಲ್ಲಿಯೇ ಬಂತು. 1935ರಲ್ಲಿ ಲಂಡನ್ನಿನಲ್ಲಿ ಮುಲ್ಕ್ ರಾಜ್ ಆನಂದ್, ಸಜ್ಜಾದ್ ಜಹೀರ್ ಮೊದಲಾದವರು ಹುಟ್ಟುಹಾಕಿದ ‘ಪ್ರೋಗ್ರೆಸಿವ್’ ಲೇಖಕರ ಸಂಘದ ಮೊದಲ ಸಮ್ಮೇಳನ 1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ನಡೆಯಿತು. ಆ ಅಲೆ 1940ರ ದಶಕದಲ್ಲಿ ಕನ್ನಡಕ್ಕೆ ಮುಟ್ಟಿ ಅನಕೃ ನೇತೃತ್ವದಲ್ಲಿ ‘ಪ್ರಗತಿಶೀಲ’ ಚಳವಳಿಯಾಯಿತು. ತರಾಸು, ಬಸವರಾಜ ಕಟ್ಟೀಮನಿ, ನಿರಂಜನ, ಚದುರಂಗ ಅವರ ಕಾದಂಬರಿಗಳು ರೈತ, ಕಾರ್ಮಿಕ, ವೇಶ್ಯೆ, ವಿಧವೆಯರನ್ನು ಕಥೆಯ ನಡುವಿಗೆ ತಂದವು. ಪತ್ರಿಕೆಗಳಲ್ಲಿ ‘ಪ್ರಗತಿಪರ ಚಿಂತಕ’ ಎಂದರೆ ಜಾತಿ, ಮೌಢ್ಯಗಳನ್ನು ಪ್ರಶ್ನಿಸುವವರು. ಅದೇ ಪತ್ರಿಕೆಯ ಕೃಷಿ ಪುಟದಲ್ಲಿ ‘ಪ್ರಗತಿಪರ ರೈತ’ ಎಂದರೆ ಹೊಸ ತಳಿ, ಹನಿ ನೀರಾವರಿ ಅಳವಡಿಸಿಕೊಂಡವರು. ಎರಡಕ್ಕೂ ಹೊಸತನ್ನು ಒಪ್ಪುವ ಮನಸ್ಸೇ ಮೂಲ. ಆದರೂ ಇಬ್ಬರ ರಾಜಕೀಯ ನಿಲುವು ಒಂದೇ ಇರಬೇಕಾಗಿಲ್ಲ.

ಈ ಸಮೀಕ್ಷೆಯಿಂದ ನಾನು ಮುಟ್ಟುವ ತೀರ್ಮಾನ ಇದು. ವೈದ್ಯಕೀಯ, ತಂತ್ರಜ್ಞಾನ, ವ್ಯಾಕರಣಗಳಲ್ಲಿ ‘ಪ್ರೋಗ್ರೆಸಿವ್’ ಪ್ರಾಮಾಣಿಕ ಪದ. ಏನು, ಎಲ್ಲಿಂದ, ಎಲ್ಲಿಗೆ ಎಂಬುದನ್ನು ಅಲ್ಲಿ ಬಿಡಿಸಿಯೇ ಹೇಳಿರುತ್ತಾರೆ. ರಾಜಕೀಯದಲ್ಲಿ ಅದು ಇನ್ನೂ ರುಜುವಾತಾಗಬೇಕಾದ ಒಂದು ಹೇಳಿಕೆ. ಹಾಗೆಂದು ಪದವನ್ನು ಕೈಬಿಡಬೇಕು ಎನ್ನುವವನು ನಾನಲ್ಲ. ಜೇನ್ ಆಡಮ್ಸ್, ಹೆಲೆನ್ ಸುಜ್ಮನ್, ನಮ್ಮ ನಿರಂಜನರಂಥವರು ತಮ್ಮ ದುಡಿಮೆಯಿಂದ ಅದಕ್ಕೆ ತೂಕ ತಂದಿದ್ದಾರೆ. ಅವರಿಗೆ ಕೊಡುವ ಗೌರವವೆಂದರೆ ಪದವನ್ನು ಪ್ರಶ್ನೆಯಿಲ್ಲದೆ ಒಪ್ಪದಿರುವುದು. ಇಂಗ್ಲಿಷಿನ ‘ಪ್ರೋಗ್ರೆಸಿವ್’ ಆಗಲಿ ಕನ್ನಡದ ‘ಪ್ರಗತಿಪರ’ವಾಗಲಿ ಕಣ್ಣಿಗೆ ಬಿದ್ದಾಗ ಓದುಗರು ಮೂರು ಪ್ರಶ್ನೆ ಕೇಳಬೇಕು: ಎಲ್ಲಿಂದ ಎಲ್ಲಿಗೆ? ಅಳೆಯುವವರು ಯಾರು? ಬೆಲೆ ತೆರುವವರು ಯಾರು? ಮೂರಕ್ಕೂ ನೇರ ಉತ್ತರ ಕೊಡಬಲ್ಲ ಕಾನೂನು, ಪಕ್ಷ, ವ್ಯಕ್ತಿಗೆ ಆ ಹೆಸರು ಸಲ್ಲಲಿ. ಉತ್ತರ ಬಾರದಿದ್ದರೆ, ಹೆಸರು ಎಷ್ಟೇ ಚೆಂದವಿದ್ದರೂ ನಾವು ತಲೆದೂಗುವುದು ಬೇಡ.